ಎಲೆಯ ಮೂಲಕ ಕಾಳು ತುಂಬಿಸಲು ಹೊರಟ ಪ್ರಯೋಗ: ಅಯೋವಾದ ಸೋಯಾ ಅವರೆ ಪ್ರಕರಣ

ಸೋಯಾ ಅವರೆಗೆ ಗೊಬ್ಬರ ಕೊಟ್ಟು ಇಳುವರಿ ಏರಿಸುವುದು ಕಷ್ಟ ಎಂಬ ಮಾತು ಬೇಸಾಯ ವಿಜ್ಞಾನಿಗಳಲ್ಲಿ ಬಹಳ ಹಿಂದಿನಿಂದ ಇದೆ. ಮುಸುಕಿನ ಜೋಳಕ್ಕೆ ಸಾರಜನಕ ಕೊಟ್ಟರೆ ಬೆಳೆಯ ಬಣ್ಣವೇ ಬದಲಾಗುತ್ತದೆ. ಫಲವತ್ತಾದ ಮಣ್ಣಿನಲ್ಲಿ ನಿಂತ ಸೋಯಾ ಅವರೆಗೆ ಮೇಲಿಂದ ಏನು ಹಾಕಿದರೂ ಹೆಚ್ಚಿನ ಬಾರಿ ವ್ಯತ್ಯಾಸವೇ ಕಾಣುವುದಿಲ್ಲ. ಅಂಥ ಬೆಳೆಯಲ್ಲಿ ಕಾಳು ತುಂಬುವ ಹೊತ್ತಿಗೆ ಎಲೆಗಳ ಮೇಲೆ ಪೋಷಕಾಂಶ ಸಿಂಪಡಿಸಿ ಶೇ. 27ರಿಂದ 31ರಷ್ಟು ಹೆಚ್ಚು ಇಳುವರಿ ಪಡೆದೆವು ಎಂದು ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಆರ್. ಗಾರ್ಸಿಯಾ ಮತ್ತು ಜೆ. ಜೆ. ಹ್ಯಾನ್‌ವೇ 1976ರಲ್ಲಿ ‘ಅಗ್ರಾನಮಿ ಜರ್ನಲ್’ ಪತ್ರಿಕೆಯಲ್ಲಿ ಬರೆದರು. ಆ ವರದಿ ಎಬ್ಬಿಸಿದ ಆಸೆ ದೊಡ್ಡದು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಅದಕ್ಕೆ ಬಿದ್ದ ಪೆಟ್ಟೂ ಅಷ್ಟೇ ದೊಡ್ಡದು. ಎಲೆ ಸಿಂಪರಣೆಯ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಏಳುಬೀಳಿನಿಂದಲೇ ಬಂದದ್ದು. ಹಾಗಾಗಿ ಈ ಒಂದು ಪ್ರಕರಣವನ್ನು ನಿಧಾನವಾಗಿ ಬಿಡಿಸಿ ನೋಡುವುದು ಉಪಯುಕ್ತ ಎಂದು ನನ್ನ ನಂಬಿಕೆ.

ಕಾಲವೂ ಆ ಆಸೆಗೆ ಅನುಕೂಲವಾಗಿತ್ತು. 1973ರಲ್ಲಿ ಸೋಯಾ ಅವರೆಯ ಬೆಲೆ ಎಷ್ಟು ಏರಿತ್ತೆಂದರೆ, ಜೂನ್ ತಿಂಗಳಲ್ಲಿ ಅಮೆರಿಕ ಸರ್ಕಾರ ಅದರ ರಫ್ತನ್ನೇ ಕೆಲಕಾಲ ತಡೆಹಿಡಿದಿತ್ತು. ಮುಸುಕಿನ ಜೋಳದ ಇಳುವರಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದಾಗ ಸೋಯಾ ಅವರೆ ಹಿಂದುಳಿದಿತ್ತು. ಒಂದು ಸಿಂಪರಣೆಯಿಂದ ಆ ಗೋಡೆ ಬೀಳುತ್ತದೆ ಎಂದರೆ ಯಾರಿಗೆ ತಾನೆ ಕುತೂಹಲ ಹುಟ್ಟುವುದಿಲ್ಲ?

ಗಿಡದ ಒಳಗಿನ ಲೆಕ್ಕ

ಪ್ರಯೋಗದ ಹಿಂದಿದ್ದ ತರ್ಕ ಗಟ್ಟಿಯಾದದ್ದು. ಸೋಯಾ ಅವರೆಯ ಒಣ ಕಾಳಿನಲ್ಲಿ ಸುಮಾರು ಶೇ. 40ರಷ್ಟು ಪ್ರೋಟೀನ್, ಶೇ. 20ರಷ್ಟು ಎಣ್ಣೆ ಇರುತ್ತದೆ. ಪ್ರೋಟೀನಿನ ಪ್ರತಿ 6.25 ಪಾಲಿಗೆ ಒಂದು ಪಾಲು ಸಾರಜನಕ ಎಂಬ ಎಂದಿನ ಲೆಕ್ಕ ಹಿಡಿದರೆ, ಒಂದು ಟನ್ ಒಣ ಕಾಳಿನಲ್ಲಿ 64 ಕಿಲೋ ಸಾರಜನಕ ಕೂತಿರುತ್ತದೆ. ಹೆಕ್ಟೇರಿಗೆ ಮೂರು ಟನ್ ಬೆಳೆ ಬಂದರೆ ಅದು 190 ಕಿಲೋ ದಾಟುತ್ತದೆ. ಇಷ್ಟನ್ನೂ ಕಾಳು ತುಂಬುವ ಸುಮಾರು 35 ದಿನಗಳಲ್ಲಿ ಸಾಗಿಸಬೇಕೆಂದರೆ ದಿನಕ್ಕೆ ಐದು ಕಿಲೋಗೂ ಮೇಲೆ ಬೇಕು.

ಇಷ್ಟು ಎಲ್ಲಿಂದ ಬರಬೇಕು? ಬೇರು ಗಂಟುಗಳಲ್ಲಿರುವ ರೈಜೋಬಿಯಾ ಜಾತಿಯ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಗಿಡದ ಒಟ್ಟು ಬೇಡಿಕೆಯ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಪಾಲು ಅಲ್ಲಿಂದಲೇ ಬರುವುದು ಸಾಮಾನ್ಯ. ಉಳಿದದ್ದು ಮಣ್ಣಿನಿಂದ. ಆದರೆ ಕಾಳು ತುಂಬುವ ಕಾಲದಲ್ಲಿ ಗಿಡ ತಯಾರಿಸುವ ಸಕ್ಕರೆ ಕಾಯಿಗಳತ್ತ ಹರಿಯುತ್ತದೆ, ಬೇರಿಗೂ ಗಂಟಿಗೂ ಸಿಗುವ ಪಾಲು ಕಡಿಮೆಯಾಗುತ್ತದೆ. ಆಗ ಗಿಡ ತನ್ನ ಎಲೆಗಳಲ್ಲಿ ಕೂಡಿಟ್ಟ ಸಾರಜನಕವನ್ನು ಬಿಚ್ಚಿ ಕಾಳಿಗೆ ಕಳಿಸುತ್ತದೆ. ಎಲೆಯಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಪ್ರೋಟೀನ್ ರುಬಿಸ್ಕೊ; ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ತಯಾರಿಕೆಗೆ ಒದಗಿಸುವ ಕಿಣ್ವವೂ ಅದೇ. ಅದನ್ನು ಒಡೆದು ಕಾಳಿಗೆ ಕೊಟ್ಟಂತೆಲ್ಲ ಎಲೆಯ ಕೆಲಸ ಕುಗ್ಗುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಿಂಕ್ಲೇರ್ ಮತ್ತು ಡಿ ವಿಟ್ ಹಲವು ಬೆಳೆಗಳ ಬೀಜಕ್ಕೆ ಬೇಕಾಗುವ ಸಕ್ಕರೆ ಮತ್ತು ಸಾರಜನಕಗಳ ಲೆಕ್ಕ ಹಾಕಿ, ಸೋಯಾ ಅವರೆಯಂಥ ಬೆಳೆ ಕಾಳು ತುಂಬಲು ತನ್ನನ್ನು ತಾನೇ ಕರಗಿಸಿಕೊಳ್ಳಬೇಕಾಗುತ್ತದೆ, ಅದರಿಂದ ಕಾಳು ತುಂಬುವ ಅವಧಿಯೇ ಮೊಟಕಾಗಬಹುದು ಎಂದಿದ್ದರು.

ಹಾಗಾದರೆ ಬೇರು ಕೊಡಲಾರದ್ದನ್ನು ಎಲೆಗೇ ನೇರವಾಗಿ ಕೊಟ್ಟರೆ? ಮಣ್ಣಿಗೆ ಸಾರಜನಕ ಸುರಿದರೆ ಗಂಟುಗಳು ಕೆಲಸ ನಿಲ್ಲಿಸುತ್ತವೆ, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲೆಯ ದಾರಿ ಆ ತೊಡಕನ್ನು ತಪ್ಪಿಸುವಂತೆ ಕಂಡಿತು. ಎಲೆ ಇನ್ನೂ ಸ್ವಲ್ಪ ದಿನ ಹಸಿರಾಗಿ ಉಳಿದರೆ ಕಾಳು ಇನ್ನಷ್ಟು ತುಂಬುತ್ತದೆ ಎಂಬುದು ನಿರೀಕ್ಷೆ.

ಸಿಂಪರಣೆ ಹೇಗಿತ್ತು

ಕಾಳಿನಲ್ಲಿ ಪೋಷಕಾಂಶಗಳು ಇರುವ ಅನುಪಾತವನ್ನೇ ಹೋಲುವಂತೆ ದ್ರಾವಣವನ್ನು ರೂಪಿಸಲಾಯಿತು: ಸಾರಜನಕ, ರಂಜಕ, ಪೊಟ್ಯಾಸಿಯಂ, ಗಂಧಕ ಕ್ರಮವಾಗಿ 10:1:3:0.5. ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಕೊಟ್ಟರೆ ಸಾಲದು, ನಾಲ್ಕೂ ಒಟ್ಟಿಗೆ ಬೇಕು ಎಂಬುದು ಅವರ ನಿಲುವು. ಸಾರಜನಕಕ್ಕೆ ಯೂರಿಯಾ, ರಂಜಕಕ್ಕೆ ಪೊಟ್ಯಾಸಿಯಂ ಪಾಲಿಫಾಸ್ಫೇಟ್, ಗಂಧಕಕ್ಕೆ ಪೊಟ್ಯಾಸಿಯಂ ಸಲ್ಫೇಟ್. ಎಲೆ ಸುಡುವುದು ಕಡಿಮೆ ಇರಲಿ ಎಂದೇ ಈ ಆಯ್ಕೆ. ಕಾಲ ಆರ್5ರಿಂದ ಆರ್7ರ ನಡುವೆ. ಆರ್5 ಎಂದರೆ ಗಿಡದ ಮೇಲಿನ ನಾಲ್ಕು ಗೆಣ್ಣುಗಳಲ್ಲಿ ಯಾವುದಾದರೊಂದರ ಕಾಯಿಯೊಳಗೆ ಕಾಳು ಮೂರು ಮಿಲಿಮೀಟರ್ ಉದ್ದವಾದ ಹಂತ. ಆರ್7 ಎಂದರೆ ಮುಖ್ಯ ಕಾಂಡದಲ್ಲಿ ಒಂದು ಕಾಯಿಯಾದರೂ ಬಲಿತ ಬಣ್ಣಕ್ಕೆ ತಿರುಗಿದ ಹಂತ. ಈ ಅವಧಿಯಲ್ಲಿ ಎರಡರಿಂದ ನಾಲ್ಕು ಬಾರಿ ಸಿಂಪಡಿಸಿ, ಹೆಕ್ಟೇರಿಗೆ ಒಟ್ಟು 80 ಕಿಲೋ ಸಾರಜನಕ, 8 ಕಿಲೋ ರಂಜಕ, 24 ಕಿಲೋ ಪೊಟ್ಯಾಸಿಯಂ, 4 ಕಿಲೋ ಗಂಧಕ ಕೊಟ್ಟಾಗ ಫಲಿತಾಂಶ ಚೆನ್ನಾಗಿತ್ತು.

ಆ ವರದಿಯಲ್ಲಿ ಒಂದು ವಿವರವಿದೆ, ಅದರ ಮೇಲೆ ಆಗ ಬಿದ್ದ ಗಮನ ಸಾಲದು ಎನಿಸುತ್ತದೆ. ಇಳುವರಿ ಏರಿದ್ದು ಮುಖ್ಯವಾಗಿ ಕೊಯ್ಲಿಗೆ ಸಿಕ್ಕ ಕಾಳುಗಳ ಸಂಖ್ಯೆ ಹೆಚ್ಚಿದ್ದರಿಂದ. ಕಾಳಿನ ತೂಕ ಹೆಚ್ಚಿದ್ದರಿಂದಲ್ಲ. ಎಲೆ ಹೆಚ್ಚು ದಿನ ಹಸಿರಾಗಿದ್ದು ಕಾಳು ದಪ್ಪವಾಗಬೇಕು ಎಂಬುದು ಮೂಲ ಊಹೆ. ಸಿಕ್ಕಿದ ಉತ್ತರ ಬೇರೆಯದೇ ದಿಕ್ಕನ್ನು ತೋರಿಸುತ್ತಿತ್ತು. ಇದಕ್ಕೆ ಮುಂದೆ ಬರುತ್ತೇನೆ.

ಬೇರೆ ಹೊಲಗಳು ಹೇಳಿದ್ದು

ವರದಿ ಹೊರಬಿದ್ದ ಕೂಡಲೇ ಹಲವು ರಾಜ್ಯಗಳ ಸಂಶೋಧಕರು ಅದೇ ದ್ರಾವಣವನ್ನು ತಮ್ಮ ತಾಕುಗಳಲ್ಲಿ ಸಿಂಪಡಿಸಿ ನೋಡಿದರು. ಅಲ್ಲೊಂದು ಇಲ್ಲೊಂದು ಕಡೆ ಇಳುವರಿ ಏರಿತು. ಬಹುತೇಕ ಕಡೆ ಏನೂ ಆಗಲಿಲ್ಲ. ಕೆಲವು ಕಡೆ ಇಳಿಯಿತು.

ಫ್ಲಾರಿಡಾದಲ್ಲಿ ಬೂಟ್ ಮತ್ತು ಸಂಗಡಿಗರು ಮಾಡಿ 1978ರಲ್ಲಿ ಪ್ರಕಟಿಸಿದ ಕೆಲಸ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಬೆಲೆಬಾಳುವ ತುಣುಕು. ಅವರು ಇಳುವರಿ ತೂಗಿ ಸುಮ್ಮನಾಗದೆ ಎಲೆಯ ದ್ಯುತಿಸಂಶ್ಲೇಷಣೆಯನ್ನೂ ಅಳೆದರು. ಸಿಂಪಡಿಸಿದ ಎಲೆಗಳಲ್ಲಿ ಪೋಷಕಾಂಶದ ಮಟ್ಟ ಏರಿತ್ತು. ದ್ಯುತಿಸಂಶ್ಲೇಷಣೆ ಏರಲಿಲ್ಲ, ಇಳುವರಿಯೂ ಏರಲಿಲ್ಲ. ಪೋಷಕಾಂಶ ಒಳಗೆ ಹೋದದ್ದು ನಿಜ, ಅದರಿಂದ ಎಲೆಯ ಆಯಸ್ಸಾಗಲೀ ದುಡಿಮೆಯಾಗಲೀ ಹೆಚ್ಚಲಿಲ್ಲ. ಜಾರ್ಜಿಯಾದಲ್ಲಿ ಪಾರ್ಕರ್ ಮತ್ತು ಬಾಸ್‌ವೆಲ್ 1980ರಲ್ಲಿ ಎಲೆ ಸುಟ್ಟು ಇಳುವರಿ ಕುಸಿದದ್ದನ್ನು ವರದಿ ಮಾಡಿದರು. ಅದೇ ವರ್ಷ ವಾಸಿಲಾಸ್ ಮತ್ತು ಸಂಗಡಿಗರು ಗಿಡದೊಳಗೆ ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚಬಹುದಾದ, ಗುರುತು ಹಾಕಿದ ಸಾರಜನಕ ಐಸೊಟೋಪ್ ಬಳಸಿ, ಸಿಂಪಡಿಸಿದ ಯೂರಿಯಾದ ಒಂದು ದೊಡ್ಡ ಪಾಲು ಗಿಡದೊಳಗೆ ಸೇರಿ ಕಾಳಿನತ್ತ ಸಾಗುತ್ತದೆ ಎಂದು ತೋರಿಸಿದ್ದರು. ಅಂದರೆ ಎಲೆ ಹೀರುವುದೇ ಇಲ್ಲ ಎಂಬ ಸುಲಭದ ವಿವರಣೆಗೆ ಇಲ್ಲಿ ಜಾಗವಿಲ್ಲ.

ಏಕೆ ಹೀಗಾಯಿತು

ಮೊದಲು ಪ್ರಮಾಣದ ಪ್ರಶ್ನೆ. ಸಾಮಾನ್ಯವಾಗಿ ಎಲೆಗೆ ಸುರಕ್ಷಿತ ಎನ್ನುವ ಶೇ. 2ರ ಯೂರಿಯಾ ದ್ರಾವಣವನ್ನು ಹೆಕ್ಟೇರಿಗೆ 500 ಲೀಟರ್ ಸಿಂಪಡಿಸಿದರೆ ಹೋಗುವುದು 10 ಕಿಲೋ ಯೂರಿಯಾ. ಯೂರಿಯಾದಲ್ಲಿ ಸಾರಜನಕ ಶೇ. 46, ಅಂದರೆ 4.6 ಕಿಲೋ. ಮೇಲೆ ಹಾಕಿದ ಲೆಕ್ಕದ ಪ್ರಕಾರ ಮೂರು ಟನ್ ಬೆಳೆಗೆ ಇದು ಒಂದು ದಿನಕ್ಕೂ ಪೂರ್ತಿ ಸಾಲುವುದಿಲ್ಲ. ಅದೂ ಸಿಂಪಡಿಸಿದ್ದೆಲ್ಲ ಒಳಗೆ ಹೋಯಿತು ಎಂದು ಭಾವಿಸಿದರೆ. ಅಯೋವಾದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಅದಕ್ಕೇ 80 ಕಿಲೋಗೆ ಕೈಹಾಕಿದರು. ಆ 80 ಕಿಲೋವನ್ನು ನಾಲ್ಕು ಸಿಂಪರಣೆಗೆ ಹಂಚಿದರೆ ಒಂದೊಂದಕ್ಕೆ 20 ಕಿಲೋ ಸಾರಜನಕ, ಎಂದರೆ 43 ಕಿಲೋ ಯೂರಿಯಾ. ಅಷ್ಟನ್ನು 500 ಲೀಟರಿನಲ್ಲಿ ಕರಗಿಸಿದರೆ ಯೂರಿಯಾ ಒಂದೇ ಶೇ. 8ನ್ನು ಮೀರುತ್ತದೆ, ಪೊಟ್ಯಾಸಿಯಂ ಲವಣಗಳು ಅದರ ಮೇಲೆ. ಸಸ್ಯಕ್ಕೆ ಬೇಕಾದಷ್ಟು ಕೊಡಲು ಹೋದರೆ ಎಲೆ ಸುಡುತ್ತದೆ, ಎಲೆ ತಾಳುವಷ್ಟು ಕೊಟ್ಟರೆ ಸಸ್ಯಕ್ಕೆ ಸಾಲುವುದಿಲ್ಲ. ಸಾರಜನಕದ ಮಟ್ಟಿಗೆ ಈ ಇಕ್ಕಟ್ಟಿನಿಂದ ಹೊರಬರುವ ದಾರಿ ನನಗೆ ಕಾಣುವುದಿಲ್ಲ.

ಎಲೆಯ ಮೇಲ್ಮೈಯೂ ಇದಕ್ಕೆ ಕಾರಣ. ಎಲೆಯ ಹೊರಪೊರೆ ಮೇಣದಿಂದ ಕೂಡಿದ್ದು, ನೀರು ಒಳಗಿನಿಂದ ಆರಿಹೋಗದಂತೆ ತಡೆಯಲೆಂದೇ ಇರುವಂಥದ್ದು. ಪೋಷಕಾಂಶ ಒಳಹೋಗಬೇಕಾದರೆ ಅದರ ಸೂಕ್ಷ್ಮ ರಂಧ್ರಗಳಿಂದ ಅಥವಾ ಪತ್ರರಂಧ್ರಗಳ ಮೂಲಕ, ಅದೂ ಹನಿ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ. ಯೂರಿಯಾ ವಿದ್ಯುದಾವೇಶವಿಲ್ಲದ ಸಣ್ಣ ಅಣು, ಬೇಗ ನುಸುಳುತ್ತದೆ. ಪೊಟ್ಯಾಸಿಯಂ, ಫಾಸ್ಫೇಟ್ ಅಯಾನುಗಳು ನಿಧಾನ. ಮಧ್ಯಾಹ್ನದ ಬಿಸಿಲಿನಲ್ಲಿ ಹನಿ ಆರಿ ಲವಣ ಹರಳುಗಟ್ಟಿತೆಂದರೆ ಹೀರುವಿಕೆ ನಿಂತಂತೆ. ಮತ್ತೆ ಇಬ್ಬನಿ ಬಿದ್ದು ಕರಗಿದಾಗ ಸ್ವಲ್ಪ ಮುಂದುವರಿಯುತ್ತದೆ, ಇಲ್ಲವೇ ಮಳೆಯಲ್ಲಿ ತೊಳೆದು ಮಣ್ಣು ಸೇರುತ್ತದೆ.

ಎಲೆ ಸುಡುವುದರ ಕಾರಣ ಬಹುಕಾಲ ತಪ್ಪಾಗಿಯೇ ತಿಳಿದಿತ್ತು. ಎಲೆಯೊಳಗಿನ ಯೂರಿಯೇಸ್ ಕಿಣ್ವ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ, ಆ ಅಮೋನಿಯಾದ ವಿಷದಿಂದ ಎಲೆತುದಿ ಸಾಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. 1989ರಲ್ಲಿ ಅಯೋವಾದ ಕ್ರಾಗ್‌ಮಯರ್, ಮೆಕಾರ್ಟಿ ಮತ್ತು ಬ್ರೆಮ್ನರ್ ಸೋಯಾ ಅವರೆಯಲ್ಲೇ ಇದನ್ನು ಪರೀಕ್ಷಿಸಿದರು. ಯೂರಿಯಾದ ಜೊತೆ ಯೂರಿಯೇಸ್ ತಡೆಯುವ ರಾಸಾಯನಿಕವನ್ನೂ ಕೊಟ್ಟಾಗ ಅಮೋನಿಯಾ ಕಡಿಮೆಯಾಯಿತು, ಸುಡುವುದು ಹೆಚ್ಚಾಯಿತು. ವಿಷವಾಗಿ ಕೂಡಿಕೊಳ್ಳುತ್ತಿದ್ದದ್ದು ಯೂರಿಯಾವೇ. 1983ರಲ್ಲಿ ಬೇರೊಂದು ತಂಡ ಕಂಡಿದ್ದ ಸಂಗತಿಗೂ ಇದು ತಾಳೆಯಾಗುತ್ತದೆ: ಯೂರಿಯೇಸ್ ಕೆಲಸ ಮಾಡಲು ನಿಕ್ಕಲ್ ಬೇಕು, ನಿಕ್ಕಲ್ ಇಲ್ಲದೆ ಬೆಳೆಸಿದ ಸೋಯಾ ಅವರೆಯ ಎಲೆತುದಿಗಳಲ್ಲಿ ಯೂರಿಯಾ ಶೇ. 2.5ರವರೆಗೆ ಸೇರಿ ಅಲ್ಲಿ ಎಲೆ ಸತ್ತಿತ್ತು. ಎಪ್ಪತ್ತರ ದಶಕದ ಪ್ರಯೋಗಕಾರರ ಕೈಯಲ್ಲಿ ಈ ತಿಳಿವಳಿಕೆ ಇರಲಿಲ್ಲ.

ಇವೆಲ್ಲವುಗಳಿಗಿಂತ ಆಳದ ತೊಡಕು ಊಹೆಯಲ್ಲೇ ಇತ್ತು. ಎಲೆಯಲ್ಲಿ ಸಾರಜನಕ ಇಳಿಯುವುದೂ ಎಲೆ ಸೊರಗುವುದೂ ಒಟ್ಟಿಗೆ ನಡೆಯುತ್ತವೆ, ಸರಿ. ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂದು ಹೇಳಲು ಅಷ್ಟು ಸಾಲದು. ಎಪ್ಪತ್ತರ ದಶಕದ ಕೊನೆಯಲ್ಲೇ ನಡೆದ ಇನ್ನೊಂದು ಬಗೆಯ ಪ್ರಯೋಗದಲ್ಲಿ ಗಿಡದ ಕಾಯಿಗಳನ್ನೆಲ್ಲ ಕಿತ್ತುಹಾಕಿದರು. ಎಲೆಯಿಂದ ಸಾರಜನಕ ಎಳೆಯುವವರೇ ಇಲ್ಲದ್ದರಿಂದ ಎಲೆ ಹಸಿರಾಗಿ ಉಳಿಯಿತು, ಆದರೂ ಅದರ ದ್ಯುತಿಸಂಶ್ಲೇಷಣೆ ಇಳಿಯುತ್ತಲೇ ಹೋಯಿತು. ಫ್ಲಾರಿಡಾದ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಸಿರು ಬಣ್ಣಕ್ಕೂ ದುಡಿಮೆಗೂ ಇರುವ ನಂಟು ನಾವು ಕಣ್ಣಳತೆಯಲ್ಲಿ ಅಂದುಕೊಳ್ಳುವಷ್ಟು ನೇರವಲ್ಲ. ಸಿಂಪಡಿಸಿದ ವಾರದಲ್ಲಿ ಬೆಳೆ ಕಪ್ಪುಹಸಿರಾದದ್ದನ್ನು ಕಂಡು ಇಳುವರಿ ಏರುತ್ತದೆಂದು ತೀರ್ಮಾನಿಸುವ ರೂಢಿ ಈಗಲೂ ಇರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ಕಾಳಿನ ಸಂಖ್ಯೆಯ ವಿಷಯ. ಸೋಯಾ ಅವರೆ ತಾನು ಬಿಟ್ಟ ಹೂವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉದುರಿಸಿಬಿಡುತ್ತದೆ. ಎಳೆ ಕಾಯಿಗಳೂ ಕಾಯಿಯೊಳಗಿನ ಎಳೆ ಕಾಳುಗಳೂ ಆಹಾರ ಸಾಲದಾದರೆ ಕೈಬಿಡಲ್ಪಡುತ್ತವೆ. ಎಷ್ಟು ಕಾಳು ಉಳಿಯಬೇಕು ಎಂಬ ತೀರ್ಮಾನ ಹೂವಿನಿಂದ ಶುರುವಾಗಿ ಆರ್6ರ ಹೊತ್ತಿಗೆ, ಅಂದರೆ ಮೇಲಿನ ಗೆಣ್ಣಿನ ಕಾಯಿಯಲ್ಲಿ ಹಸಿ ಕಾಳು ಪೂರ್ತಿ ತುಂಬಿಕೊಳ್ಳುವ ಹೊತ್ತಿಗೆ, ಬಹುಮಟ್ಟಿಗೆ ಮುಗಿದಿರುತ್ತದೆ. ಅಯೋವಾದ ಆ ತಾಕುಗಳಲ್ಲಿ ಆರಂಭದ ಸಿಂಪರಣೆಗಳು ಕೈಬಿಡಲಿದ್ದ ಕಾಳುಗಳಲ್ಲಿ ಕೆಲವನ್ನು ಉಳಿಸಿರಬೇಕು ಎಂಬುದು ನನಗೆ ಹೆಚ್ಚು ಒಪ್ಪುವ ವಿವರಣೆ. ಹಾಗಿದ್ದರೆ ಆ ಲಾಭ ಆ ಋತುವಿನ ಒತ್ತಡಕ್ಕೆ ಗಂಟುಬಿದ್ದದ್ದು. ಕಾಳು ಉದುರಿಸುವ ಒತ್ತಡವೇ ಇಲ್ಲದ ಹೊಲದಲ್ಲಿ ಅದೇ ದ್ರಾವಣಕ್ಕೆ ಉಳಿಸಲು ಏನೂ ಇರುವುದಿಲ್ಲ, ಸುಡಲು ಎಲೆ ಮಾತ್ರ ಇರುತ್ತದೆ.

ಮತ್ತೆ ಅಯೋವಾ, ಬೇರೆ ಪ್ರಶ್ನೆಯೊಂದಿಗೆ

1990ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಹಕ್ ಮತ್ತು ಮಲ್ಲರಿನೊ ಎಲೆ ಸಿಂಪರಣೆಯನ್ನು ಮತ್ತೆ ಎತ್ತಿಕೊಂಡರು. ಈ ಬಾರಿ ಕಾಲವನ್ನೂ ಪ್ರಮಾಣವನ್ನೂ ಬದಲಿಸಿದರು. ಕಾಳು ತುಂಬುವಾಗ ಅಲ್ಲ, ಮುಖ್ಯ ಕಾಂಡದಲ್ಲಿ ಐದು ಗೆಣ್ಣು ಮೂಡಿದ ಆಸುಪಾಸಿನಲ್ಲಿ. ಬೆಳೆಯ ಹಸಿವು ತೀರಿಸುವ ಡೋಸ್ ಅಲ್ಲ, ಬೇರು ಇನ್ನೂ ಆಳಕ್ಕಿಳಿಯದ ದಿನಗಳಲ್ಲಿ ಸ್ವಲ್ಪ ಕೈಹಿಡಿಯುವಷ್ಟು. ಎಲೆ ಸುಡುವ ಭಯವೂ ಆಗ ಕಡಿಮೆ, ಸುಟ್ಟರೂ ಗಿಡ ಚೇತರಿಸಿಕೊಳ್ಳಲು ಸಮಯವಿರುತ್ತದೆ. ಹತ್ತಾರು ಹೊಲಗಳಲ್ಲಿ ನೋಡಿದಾಗ ಇಳುವರಿ ನಿಜಕ್ಕೂ ಏರಿದ್ದು ಸುಮಾರು ಐದರಲ್ಲಿ ಒಂದು ಹೊಲದಲ್ಲಿ ಅಥವಾ ಅದಕ್ಕೂ ಕಡಿಮೆ. ಎಲ್ಲ ಹೊಲಗಳ ಸರಾಸರಿ ಹಿಡಿದರೆ ಲಾಭ ತೀರ ಸಣ್ಣದು, ಸಿಂಪರಣೆಯ ಖರ್ಚನ್ನು ಮೀರಿಸುವಂಥದ್ದಲ್ಲ.

ಇನ್ನೂ ಇತ್ತೀಚೆಗೆ, 2019 ಮತ್ತು 2020ರಲ್ಲಿ, ಅಮೆರಿಕದ 16 ರಾಜ್ಯಗಳಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ ಮಾರುಕಟ್ಟೆಯಲ್ಲಿ ಸಿಗುವ ಎಲೆ ಗೊಬ್ಬರಗಳನ್ನು ಒಂದೇ ವಿಧಾನದಲ್ಲಿ ಪರೀಕ್ಷಿಸಿದವು. ಎರಡು ಋತುಗಳಲ್ಲಿ ಒಟ್ಟು 46 ಪ್ರಯೋಗಗಳು. 2021ರಲ್ಲಿ ಹೊರಬಂದ ಅದರ ತೀರ್ಮಾನ ನೇರವಾಗಿತ್ತು: ಕೊರತೆ ಕಾಣದ ಬೆಳೆಗೆ ಎಲೆ ಗೊಬ್ಬರದಿಂದ ಇಳುವರಿ ಏರುವುದು ಅಪರೂಪ.

ಹಾಗೆಂದು ಎಲೆ ಸಿಂಪರಣೆಯೇ ವ್ಯರ್ಥ ಎಂದು ಈ ಪ್ರಕರಣವನ್ನು ಓದುವವರೊಂದಿಗೆ ನನಗೆ ಸಹಮತವಿಲ್ಲ. ಅದೇ ಲೆಕ್ಕವನ್ನು ಮ್ಯಾಂಗನೀಸಿಗೆ ಹಾಕಿ ನೋಡಿ. ಒಂದು ಹೆಕ್ಟೇರ್ ಸೋಯಾ ಅವರೆಗೆ ಇಡೀ ಋತುವಿನಲ್ಲಿ ಬೇಕಾಗುವುದು ಕೆಲವು ನೂರು ಗ್ರಾಂ ಮ್ಯಾಂಗನೀಸ್. ಅಷ್ಟನ್ನು ಎಲೆ ಸುಡದೆ ಒಂದೆರಡು ಸಿಂಪರಣೆಯಲ್ಲಿ ಕೊಡಬಹುದು. ರಸಸಾರ (ಪಿಎಚ್) 6.5ಕ್ಕಿಂತ ಹೆಚ್ಚಿರುವ, ಸಾವಯವ ಅಂಶ ತುಂಬಿದ ಮಣ್ಣಿನಲ್ಲಿ ಮ್ಯಾಂಗನೀಸ್ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಎಳೆ ಎಲೆಗಳಲ್ಲಿ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾಗುತ್ತದೆ. ಅಂಥ ಕಡೆ ಮಣ್ಣಿಗೆ ಹರಡಿದ ಮ್ಯಾಂಗನೀಸ್ ಕೂಡ ಬೇಗ ಬಂಧಿಯಾಗುವುದರಿಂದ ಎಲೆಯ ದಾರಿಯೇ ಉತ್ತಮ. ಹೂ ಬಿಡುವ ಹೊತ್ತಿಗೆ ಮೇಲಿನ ಪೂರ್ತಿ ಬಿಚ್ಚಿದ ಎಲೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಮ್ಯಾಂಗನೀಸ್ 20 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 20 ಪಾಲಿಗಿಂತ) ಕೆಳಗಿದ್ದರೆ ಮ್ಯಾಂಗನೀಸ್ ಸಲ್ಫೇಟ್ ಸಿಂಪಡಿಸಬೇಕು. ಮ್ಯಾಂಗನೀಸ್ ಹಳೆ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಹೋಗುವುದಿಲ್ಲ, ಆದ್ದರಿಂದ ಹೊಸ ಎಲೆಗಳಲ್ಲಿ ಹಳದಿ ಮತ್ತೆ ಕಂಡರೆ ಇನ್ನೊಮ್ಮೆ ಸಿಂಪಡಿಸಬೇಕಾಗುತ್ತದೆ. ಗ್ಲೈಫೋಸೇಟ್ ಕಳೆನಾಶಕದ ಜೊತೆ ಇದನ್ನು ಒಂದೇ ಟ್ಯಾಂಕಿನಲ್ಲಿ ಬೆರೆಸಬಾರದು. ಮ್ಯಾಂಗನೀಸ್ ಅದಕ್ಕೆ ಅಂಟಿಕೊಂಡು ಕಳೆ ಸಾಯುವುದು ಕಡಿಮೆಯಾಗುತ್ತದೆ.

ಕಬ್ಬಿಣದ ಕಥೆ ಬೇರೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣದ ಕೊರತೆಯಿಂದ ಹಳದಿಯಾದ ಬೆಳೆಗೆ ಸಿಂಪಡಿಸಿದರೆ ಎಲೆ ಕೆಲವು ದಿನ ಹಸಿರಾಗುತ್ತದೆ, ಇಳುವರಿಯಲ್ಲಿ ಅದು ಕಾಣುವುದು ವಿರಳ. ಅಲ್ಲಿ ಕೊರತೆ ತಾಳುವ ತಳಿ, ಬಿತ್ತುವ ಸಾಲಿನಲ್ಲೇ ಕೊಡುವ ಸೂಕ್ತ ಕಬ್ಬಿಣದ ಕೀಲೇಟ್ (ಕಬ್ಬಿಣ ಮಣ್ಣಿನಲ್ಲಿ ಬಂಧಿಯಾಗದಂತೆ ಹಿಡಿದಿಡುವ ಸಂಯುಕ್ತ) ಹೆಚ್ಚು ನಂಬಿಕೆಗೆ ಅರ್ಹ. ಪೊಟ್ಯಾಷ್ ಕೊರತೆಯಿಂದ ಹಳೆ ಎಲೆಗಳ ಅಂಚು ಹಳದಿಯಾದಾಗ ಎಲೆ ಸಿಂಪರಣೆಯಿಂದ ಗುಣವಾಗುತ್ತದೆಂದು ನಂಬುವುದೂ ಸರಿಯಲ್ಲ. ಮೂರು ಟನ್ ಕಾಳು ಸುಮಾರು 50 ಕಿಲೋ ಪೊಟ್ಯಾಸಿಯಂ ಒಯ್ಯುತ್ತದೆ, ಅದನ್ನು ಮಣ್ಣೇ ಕೊಡಬೇಕು.

ತಮ್ಮ ಹೊಲದಲ್ಲಿ ಸಿಂಪರಣೆ ಫಲ ಕೊಡುತ್ತದೆಯೇ ಎಂದು ತಿಳಿಯಬೇಕಾದವರು ಒಂದು ತುದಿಯಲ್ಲಿ ಸಿಂಪಡಿಸಿ ಇನ್ನೊಂದು ತುದಿಯನ್ನು ಬಿಟ್ಟರೆ ಸಾಲದು. ಸಿಂಪಡಿಸಿದ ಪಟ್ಟಿಗಳೂ ಬಿಟ್ಟ ಪಟ್ಟಿಗಳೂ ಹೊಲದುದ್ದಕ್ಕೂ ಒಂದರ ಪಕ್ಕ ಒಂದು, ಕನಿಷ್ಠ ನಾಲ್ಕು ಜೋಡಿ ಇರಲಿ. ಟ್ರ್ಯಾಕ್ಟರ್ ಬಳಸುವುದಾದರೆ ಬಿಟ್ಟ ಪಟ್ಟಿಯಲ್ಲೂ ಖಾಲಿ ಓಡಿಸಬೇಕು, ಏಕೆಂದರೆ ಸಾಲು ಮುಚ್ಚಿದ ಮೇಲೆ ಚಕ್ರದಡಿ ನಲುಗಿದ ಗಿಡಗಳು ಚೇತರಿಸಿಕೊಳ್ಳುವುದಿಲ್ಲ, ಆ ನಷ್ಟ ಸಿಂಪರಣೆಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಕೊಯ್ಲಿನಲ್ಲಿ ಒಟ್ಟು ತೂಕದ ಜೊತೆಗೆ ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ನೂರು ಕಾಳಿನ ತೂಕ ಎಷ್ಟು ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಂಡರೆ, ಮುಂದಿನ ಋತುವಿನಲ್ಲಿ ಹೂವಿನ ಹೊತ್ತಿಗೆ ಸಿಂಪಡಿಸಬೇಕೋ, ಕಾಳು ತುಂಬುವಾಗಲೋ, ಇಲ್ಲವೇ ಆ ಹಣವನ್ನು ಮಣ್ಣಿನ ಪೊಟ್ಯಾಷಿಗೆ ಹಾಕಬೇಕೋ ಎಂದು ತೀರ್ಮಾನಿಸಲು ಆಧಾರ ಸಿಗುತ್ತದೆ.